ಓದುಗರ ಪ್ರಶ್ನೆ: ಮಗಳ ರೆಂಡರಿಂಗ್ ಕೆಲಸಕ್ಕೆ ಎಂಥ ಕಂಪ್ಯೂಟರ್?

ಪ್ರಶ್ನೆ: ನನ್ನ ಮಗಳು ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿದ್ದಾಳೆ. ನಕ್ಷೆ, ಮಾದರಿ ಮಾಡಲು ಆಟೊಕ್ಯಾಡ್, ರೆವಿಟ್, ಸ್ಕೆಚಪ್, ಆ ಮಾದರಿಯಿಂದ ನೈಜವೆನಿಸುವ ಚಿತ್ರ ತೆಗೆಯಲು (ಇದೇ ರೆಂಡರಿಂಗ್) ವಿ-ರೇ, ಲುಮಿಯನ್ ಬಳಸುತ್ತಾಳೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿತ್ರ ಹೊರಬರಲು ರಾತ್ರಿಯೆಲ್ಲ ಹಿಡಿಯುತ್ತದೆ. ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಕ್ಕ ಕೊಟೇಶನ್ ಹೀಗಿದೆ: ಕೋರ್ ಐ9 14900ಕೆ ಪ್ರೊಸೆಸರ್, 16 ಜಿಬಿಯ ಒಂದೇ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಬಣ್ಣದ ದೀಪಗಳ ಗಾಜಿನ ಕ್ಯಾಬಿನೆಟ್. ನಾನು ಹೋಟೆಲಿನಲ್ಲಿ ಮ್ಯಾನೇಜರ್, ಇದೆಲ್ಲ ನನಗೆ ತಿಳಿಯದು. ಒಪ್ಪಬಹುದೇ?
– ಒಬ್ಬ ತಂದೆ, ಡೊಂಬಿವಲಿ

ಉತ್ತರ: ಈ ಕೊಟೇಶನ್ನಿಗೆ ಮುಂಗಡ ಕೊಡಬೇಡಿ. ಹಣದ ದೊಡ್ಡ ಪಾಲು ಪ್ರೊಸೆಸರಿಗೆ ಹೋಗಿದೆ. ನಿಮ್ಮ ಮಗಳ ಕೆಲಸ ಕಟ್ಟಿಹಾಕುವುದು ಬೇರೆ ಕಡೆ.

ಆಕೆಯ ತಂತ್ರಾಂಶಗಳಿಂದಲೇ ಶುರು ಮಾಡೋಣ. ಆಟೊಕ್ಯಾಡ್, ರೆವಿಟ್‌ಗಳಲ್ಲಿ ಗೆರೆ ಎಳೆಯುವಾಗ, ಮಾದರಿಯನ್ನು ತಿದ್ದುವಾಗ ಬಹುಪಾಲು ಹೊರೆ ಪ್ರೊಸೆಸರಿನ ಒಂದೇ ಕೋರ್ (ಲೆಕ್ಕ ಮಾಡುವ ಘಟಕ) ಮೇಲೆ ಬೀಳುತ್ತದೆ. ಐ9ರ 24 ಕೋರ್‌ಗಳಲ್ಲಿ ಹೆಚ್ಚಿನವು ಆಗ ಸುಮ್ಮನೆ ಕುಳಿತಿರುತ್ತವೆ. ಲುಮಿಯನ್ ಮುಖ್ಯವಾಗಿ ನೆಚ್ಚುವುದು ಗ್ರಾಫಿಕ್ಸ್ ಕಾರ್ಡನ್ನು. ವಿ-ರೇ ಎರಡು ಬಗೆಯಲ್ಲಿ ಓಡುತ್ತದೆ: ಪ್ರೊಸೆಸರಿನ ಎಲ್ಲ ಕೋರ್‌ಗಳನ್ನು ದುಡಿಸಿಕೊಂಡು, ಇಲ್ಲವೇ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಹಾಗಾಗಿ ಕಾರ್ಡ್ ಮೊದಲು, ರ‍್ಯಾಮ್ ನಂತರ, ಪ್ರೊಸೆಸರ್ ಮೂರನೆಯದು.

ಕಾರ್ಡಿನ ಮೆಮೊರಿಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಅಂಧೇರಿಯ ನಮ್ಮ ಕಚೇರಿಗೆ ಕೆಲಸ ಕಲಿಯಲು ಬರುವ ವಿದ್ಯಾರ್ಥಿಗಳು ಹೆಚ್ಚಾಗಿ ಅಳುವುದು ಇಲ್ಲಿಯೇ, ಅದೂ ಜ್ಯೂರಿಯ, ಅಂದರೆ ಪರೀಕ್ಷಕರ ಮುಂದೆ ವಿನ್ಯಾಸ ಒಪ್ಪಿಸುವ ದಿನದ, ಹಿಂದಿನ ರಾತ್ರಿ. ಲೆಕ್ಕ ಸರಳವಾಗಿದೆ. ಗೋಡೆಗೆ, ನೆಲಕ್ಕೆ, ಸೋಫಾ ಬಟ್ಟೆಗೆ ಹೊದಿಸುವ ಒಂದು 4ಕೆ ಟೆಕ್ಸ್‌ಚರ್ (ಮೇಲ್ಮೈಯ ಚಿತ್ರ) ಎಂದರೆ ಉದ್ದ 4096, ಅಗಲ 4096 ಚುಕ್ಕೆಗಳು. ಚುಕ್ಕೆಗೆ 4 ಬೈಟ್‌ನಂತೆ, ಸಂಕುಚಿಸದಿದ್ದರೆ ಅದೊಂದೇ 64 ಎಂಬಿ ತಿನ್ನುತ್ತದೆ. ಒಂದು ಮರದ ನೆಲಕ್ಕೆ ಬಣ್ಣದ್ದು, ಹೊಳಪಿನದು, ಉಬ್ಬುತಗ್ಗಿನದು ಎಂದು ಮೂರು ಬೇಕು. 50 ವಸ್ತುಗಳಿಗೆ 150 ಟೆಕ್ಸ್‌ಚರ್ ಆಯಿತು, 9 ಜಿಬಿ ದಾಟಿತು. 8 ಜಿಬಿಯ ಕಾರ್ಡು ಅಲ್ಲಿಗೇ ತುಂಬಿಹೋಗಿದೆ. ಕಿಟಕಿಯ ಹೊರಗಿನ ಗಿಡಮರಗಳ ಲೆಕ್ಕ ಇನ್ನೂ ಬಂದೇ ಇಲ್ಲ. ಮೆಮೊರಿ ಸಾಲದಿದ್ದರೆ ರೆಂಡರಿಂಗ್ ವಿಪರೀತ ನಿಧಾನವಾಗುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ.

ಆದ್ದರಿಂದ 16 ಜಿಬಿ ಕಾರ್ಡ್ ಕೇಳಿ. 2025ರಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಆಕೆಯ ಕೆಲಸಕ್ಕೆ ಸಾಕು. ಆದರೆ ಅದೇ ಹೆಸರಿನಲ್ಲಿ 8 ಜಿಬಿಯದೂ ಮಾರಾಟದಲ್ಲಿದೆ, ಪೆಟ್ಟಿಗೆ ನೋಡಲು ಒಂದೇ ತರಹ. 16 ಜಿಬಿ ಎಂಬುದು ಪೆಟ್ಟಿಗೆಯ ಮೇಲೂ ಬಿಲ್ಲಿನಲ್ಲೂ ಅಚ್ಚಾಗಿರಬೇಕು. ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದರೆ ಸಾಲದು.

ಪ್ರೊಸೆಸರಿಗೆ ಎಎಂಡಿಯ ರೈಜನ್ 9 7900 ನೋಡಿ. 12 ಕೋರ್, 65 ವ್ಯಾಟ್ ದರ್ಜೆ, ಜೊತೆಗೆ ಕೂಲರ್ ಪೆಟ್ಟಿಗೆಯಲ್ಲೇ ಬರುತ್ತದೆ. ಹಣ ಸಾಲದಿದ್ದರೆ 8 ಕೋರ್‌ಗಳ ರೈಜನ್ 7 7700ಕ್ಕೆ ಇಳಿಯಿರಿ, ಕಾರ್ಡನ್ನು ಮಾತ್ರ ಇಳಿಸಬೇಡಿ. ಐ9 14900ಕೆ ಪೂರ್ತಿ ಓಡುವಾಗ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದನ್ನು ತಂಪಾಗಿಡಲು ದುಬಾರಿ ಕೂಲರ್ ಬೇಕು. ಆ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಅಸ್ಥಿರತೆ ಕಂಡುಬಂದು, 2024ರಲ್ಲಿ ಇಂಟೆಲ್ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬೇರೆ ದಾರಿ ಇರುವಾಗ ವಿದ್ಯಾರ್ಥಿನಿಗೆ ಆ ತಲೆನೋವು ಯಾಕೆ?

ರ‍್ಯಾಮ್ 32 ಜಿಬಿ ಇರಲಿ, 16ರ ಎರಡು ಕಡ್ಡಿಗಳಾಗಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಗಳಲ್ಲಿ ದತ್ತಾಂಶ ಎಳೆದುಕೊಳ್ಳುತ್ತದೆ. ಈ ರೈಜನ್‌ಗಳಿಗೆ ಡಿಡಿಆರ್5 ಮಾತ್ರ ಹೊಂದುತ್ತದೆ. ಹಳೆಯ ಯಂತ್ರದ ಡಿಡಿಆರ್4 ಕೂರುವುದಿಲ್ಲ. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ದರ ತೀವ್ರವಾಗಿ ಏರಿತು, ಹಾಗಾಗಿ ಹಳೆಯ ದರಪಟ್ಟಿ ನಂಬಿ ಹೊರಡಬೇಡಿ. ಫೈಲುಗಳನ್ನು ಇಡಲು ಎನ್‌ವಿಎಂಇ ಎಸ್‌ಎಸ್‌ಡಿ 1 ಟಿಬಿ ಸಾಕು.

ಇನ್ನು ಎಸ್‌ಎಂಪಿಎಸ್. ಆ ಕೊಟೇಶನ್ನಿನಲ್ಲಿ ನನಗೆ ಸಿಟ್ಟು ಬಂದದ್ದು ಇಲ್ಲಿ. ಪ್ರೊಸೆಸರಿಗೆ 253, 5060 ಟಿಐನಂಥ ಕಾರ್ಡಿಗೆ 180. ಎರಡೇ ಕೂಡಿ 433 ವ್ಯಾಟ್ ಆಯಿತು. ಫ್ಯಾನ್, ಡಿಸ್ಕ್, ಮದರ್‌ಬೋರ್ಡ್‌ಗಳಿಗೆ ಉಳಿದದ್ದು 17! ನಾನು ಹೇಳಿದ ಜೋಡಣೆಗೆ ಹೆಸರುವಾಸಿ ಕಂಪನಿಯ 650 ವ್ಯಾಟ್‌ನದು ಕೊಳ್ಳಿ. ಮನೆಯ ಇತರ ಖರ್ಚಿನಲ್ಲಿ ಉಳಿಸಿ, ಇದರಲ್ಲಿ ಬೇಡ. ಕಳಪೆ ಎಸ್‌ಎಂಪಿಎಸ್ ಸುಟ್ಟರೆ ಜೊತೆಗೆ ಕಾರ್ಡನ್ನೂ ಕರೆದುಕೊಂಡು ಹೋಗಬಹುದು. ಯುಪಿಎಸ್ ಕೊಳ್ಳುವಾಗ ವಿಎ ಅಂಕಿಯ ಜೊತೆಗೆ ವ್ಯಾಟ್ ಅಂಕಿಯನ್ನೂ ಓದಿ. 600 ವಿಎಯದು ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ನಿಮಗೆ 1000 ವಿಎ ಬೇಕು.

ಗಾಜಿನ ಮುಖದ ಕ್ಯಾಬಿನೆಟ್ ಬಿಡಿ, ಮುಂದೆ ಜಾಲರಿ ಇರುವುದನ್ನು ಆರಿಸಿ. ನಮ್ಮ ಸೆಕೆಗೆ ಗಾಳಿ ಆಡಬೇಕು. ಮಳೆಗಾಲದಲ್ಲಿ ಯಂತ್ರವನ್ನು ಪ್ಲಾಸ್ಟಿಕ್ ಹೊದಿಸಿ ಮುಚ್ಚಿಡಬೇಡಿ, ಒಳಗೆ ತೇವ ನಿಲ್ಲುತ್ತದೆ. ಮನೆ ನೆಲಮಹಡಿಯಲ್ಲಿದ್ದರೆ ಕ್ಯಾಬಿನೆಟ್ ಮೇಜಿನ ಮೇಲಿರಲಿ. 2005ರ ಜುಲೈ 26ರ ಮುಂಬಯಿ ನೆರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳಲು ಶನಿವಾರ ಹೋಗಿ. ಭಾನುವಾರ ಲ್ಯಾಮಿಂಗ್ಟನ್ ರಸ್ತೆಯ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ದಾದರ್‌ನಲ್ಲಿ ಇಳಿದು ಪಶ್ಚಿಮ ಮಾರ್ಗದ ಸ್ಲೋ ಗಾಡಿ ಹಿಡಿಯಿರಿ, ಫಾಸ್ಟ್ ಗಾಡಿ ಗ್ರ್ಯಾಂಟ್ ರೋಡಿನಲ್ಲಿ ನಿಲ್ಲುವುದಿಲ್ಲ. ಮಗಳನ್ನೂ ಕರೆದೊಯ್ಯಿರಿ, ಆಕೆಯ ಒಂದು ಫೈಲ್ ಪೆನ್ ಡ್ರೈವಿನಲ್ಲಿರಲಿ. ಪ್ರತಿ ಬಿಡಿಭಾಗದ ಮಾದರಿ, ಸರಣಿ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯಿರಿ. ತೆರಿಗೆ 18 ಶೇಕಡಾ ಉಳಿಯುತ್ತದೆಂದು ಕಚ್ಚಾ ಬಿಲ್ಲಿಗೆ ಒಪ್ಪಿದರೆ ವಾರಂಟಿ ಕೇಳುವಾಗ ಕೈಯಲ್ಲಿ ಏನೂ ಇರುವುದಿಲ್ಲ. ಆಟೊಕ್ಯಾಡ್, ರೆವಿಟ್‌ಗಳಿಗೆ ಹಣ ತೆರಬೇಕಿಲ್ಲ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಒಂದು ವರ್ಷದ ಉಚಿತ ಪರವಾನಗಿ ಕೊಡುತ್ತದೆ, ಓದು ಮುಗಿಯುವವರೆಗೆ ನವೀಕರಿಸಬಹುದು.

ಪ್ರಶ್ನೆ: ಒಳಾಂಗಣ ವಿನ್ಯಾಸ ಓದುತ್ತಿದ್ದೇನೆ, ಬ್ಲೆಂಡರ್ ಬಳಸುತ್ತೇನೆ. ಹಳೆಯ ಆರ್‌ಟಿಎಕ್ಸ್ 3060 ಕಾರ್ಡ್ ಒಂದು ಅಗ್ಗದಲ್ಲಿ ಸಿಗುತ್ತಿದೆ. ಕೊಳ್ಳಲೇ?
– ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಉತ್ತರ: 12 ಜಿಬಿಯದಾದರೆ ಕೊಳ್ಳಬಹುದು, ಪರೀಕ್ಷಿಸಿದ ಮೇಲೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ಜಾಲ ಗ್ರಾಫಿಕ್ಸ್ ಕಾರ್ಡುಗಳಿಂದ ನಾಣ್ಯ ಗಳಿಸುವ ವಿಧಾನವನ್ನು ಕೈಬಿಟ್ಟಾಗ, ಅದಕ್ಕಾಗಿ ಹಗಲಿರುಳು ದುಡಿದ ಕಾರ್ಡುಗಳು ರಾಶಿಯಾಗಿ ಸಂತೆಗೆ ಬಂದವು. ಮಾರುವವರ ಮುಂದೆಯೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಮಾದರಿ, ಮೆಮೊರಿ ಎರಡನ್ನೂ ನೋಡಿ. ನಿಮ್ಮದೇ ಬ್ಲೆಂಡರ್ ದೃಶ್ಯವನ್ನು ಅದರ ರೆಂಡರಿಂಗ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ಅರ್ಧ ಗಂಟೆ ಓಡಿಸಿ, ಫ್ಯಾನಿನ ಸದ್ದು ಕೇಳಿ. ಅವರು ಇದಕ್ಕೆ ಒಪ್ಪದಿದ್ದರೆ ಹಿಂದಿರುಗಿ ಬನ್ನಿ.

ಪ್ರಶ್ನೆ: ಇಂಥದೇ ಕೋರ್ಸ್ ಓದುವ ತಮ್ಮನಿಗೆ ಆ್ಯಪಲ್‌ನ ಮ್ಯಾಕ್ ಮಿನಿ ಕೊಡಿಸಿದರೆ ಆಗದೇ?
– ಗೃಹಿಣಿ, ಮುಲುಂಡ್

ಉತ್ತರ: ಬ್ಲೆಂಡರ್, ಸ್ಕೆಚಪ್ ಅದರಲ್ಲಿ ಚೆನ್ನಾಗಿ ಓಡುತ್ತವೆ. ರೆವಿಟ್ ಮತ್ತು 3ಡಿಎಸ್ ಮ್ಯಾಕ್ಸ್ ವಿಂಡೋಸ್‌ಗೆ ಮಾತ್ರ ಬರುತ್ತವೆ. ಮುಂದಿನ ಸೆಮಿಸ್ಟರಿನಲ್ಲಿ ಇವೆರಡರಲ್ಲಿ ಯಾವುದಾದರೂ ಇದೆಯೇ ಎಂದು ತಮ್ಮನಿಂದ ತಿಳಿದುಕೊಂಡು ಆಮೇಲೆ ಅಂಗಡಿಗೆ ಹೋಗಿ.