ಸಾಹಿತ್ಯ ಓದದವರು ಫ್ಯಾಂಟಸಿ, ಪತ್ತೇದಾರಿ ಕಾದಂಬರಿಗಳ ವಿಮರ್ಶೆ ಬರೆಯಬಹುದೇ?

ಪ್ರಶ್ನೆ: ಮುಂಬೈಯಲ್ಲಿದ್ದೇನೆ, ಅಕೌಂಟ್ಸ್ ಕೆಲಸ. ಫ್ಯಾಂಟಸಿ, ಪತ್ತೇದಾರಿ ಕಾದಂಬರಿ ಅಂದರೆ ಪ್ರಾಣ. ಓದಿದ್ದರ ಬಗ್ಗೆ ಕನ್ನಡದಲ್ಲಿ ಬರೆಯೋ ಆಸೆ, ಆದರೆ ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಬರೆಯಬಹುದಾ? ಯಾರಾದರೂ ಓದುತ್ತಾರಾ?

ಧಾರಾಳವಾಗಿ ಬರೆಯಿರಿ. ನಾನೂ ಬಿ.ಕಾಂ. ಮಾಡಿದವನೇ. ಡೊಂಬಿವಲಿಯಿಂದ ಫೋರ್ಟಿಗೆ ಹೋಗಿಬರುವ ಲೋಕಲ್‌ನಲ್ಲೇ ನನ್ನ ಓದೆಲ್ಲ. ಮೂವರ ಬೆಂಚಿನ ತುದಿಗೆ ನಾಲ್ಕನೆಯವನಾಗಿ, ಅಂದರೆ ಫೋರ್ತ್ ಸೀಟಿನಲ್ಲಿ, ಅರ್ಧ ಮೈ ಹೊರಗಿಟ್ಟು ಕೂತು, ದಪ್ಪ ಪುಸ್ತಕವನ್ನು ಒಂದೇ ಕೈಯಲ್ಲಿ ಹಿಡಿದು ಓದುವುದು ಅಭ್ಯಾಸವಾಗಿಬಿಟ್ಟಿದೆ. ಥಾಣೆಯಲ್ಲಿ ಜನ ನುಗ್ಗಿದಾಗಲೂ ತಲೆಯೆತ್ತದಂತೆ ಪುಸ್ತಕ ಓದಿಸಿಕೊಂಡಿತಾ, ಇಲ್ಲಾ ಯಾವ ಪುಟದಲ್ಲಿದ್ದೆ ಅಂತಲೇ ಮರೆತುಹೋಯಿತಾ? ಇದೂ ಬರೆಯಬೇಕಾದ ಸಂಗತಿಯೇ. ಓಟವಿಲ್ಲದ ಥ್ರಿಲ್ಲರನ್ನು ಯಾವ ಸಿದ್ಧಾಂತವೂ ಕಾಪಾಡಲಾರದು.

'ಇದೆಲ್ಲ ಟೈಮ್‌ಪಾಸ್ ಮಾರಾಯ್ರೆ' ಎನ್ನುವವರು ಇಲ್ಲಿನ ಕನ್ನಡ ಕಾರ್ಯಕ್ರಮಗಳಲ್ಲಿ ಖಂಡಿತ ಸಿಗುತ್ತಾರೆ. ಅವರ ಜೊತೆ ವಾದಕ್ಕಿಳಿಯಬೇಡಿ. ತೇಜಸ್ವಿಯವರ ಜುಗಾರಿ ಕ್ರಾಸ್ ಬಗ್ಗೆ ಕೇಳಿ ನೋಡಿ, ಮುಖ ಅರಳುತ್ತದೆ. 1994ರ ಆ ಕಾದಂಬರಿಯಲ್ಲಿ ಏಲಕ್ಕಿ ಮಾರಲು ಹೋದ ದಂಪತಿ ಕಾಡಿನ ಕಳ್ಳದಂಧೆಯ ನಡುವೆ ಸಿಕ್ಕಿಬೀಳುತ್ತಾರೆ. ಥ್ರಿಲ್ಲರ್ ಅಂದರೆ ಇನ್ನೇನು?

ಸರಿ, ಹೇಗೆ ಬರೆಯುವುದು? ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪುಸ್ತಕ ಕೊಟ್ಟ ಮಾತು ಉಳಿಸಿಕೊಂಡಿತಾ? ಪ್ರತಿಯೊಂದು ಪ್ರಕಾರವೂ ಆರಂಭದ ಅಧ್ಯಾಯಗಳಲ್ಲೇ ಓದುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ಪತ್ತೇದಾರಿಯ ಮಟ್ಟಿಗೆ ಅದನ್ನು ಕಾಗದದ ಮೇಲೇ ಇಳಿಸಿದವರಿದ್ದಾರೆ. ರೊನಾಲ್ಡ್ ನಾಕ್ಸ್ ಅಂತ, ಕ್ಯಾಥೋಲಿಕ್ ಪಾದ್ರಿ, ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು. 1929ರಲ್ಲಿ ಹತ್ತು ಕಟ್ಟಳೆ ಹಾಕಿದರು. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ದೆವ್ವಭೂತ ಬಂದು ಗಂಟು ಬಿಡಿಸಕೂಡದು, ಹೀಗೆ. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ಅವಳಿ ತಮ್ಮನನ್ನು ತಂದು ಅವನೇ ಕೊಲೆಗಾರ ಅಂದರೆ ನಿಮಗೆ ಸಿಟ್ಟು ಬರುತ್ತದಲ್ಲ, ಆ ಸಿಟ್ಟಿಗೆ ಕಾರಣ ಇಲ್ಲಿದೆ.

ಫ್ಯಾಂಟಸಿಯಲ್ಲಿ ನಾನು ಮೊದಲು ನೋಡುವುದು ಮಂತ್ರಶಕ್ತಿಗೆ ತೆರಬೇಕಾದ ಬೆಲೆ. ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ' (1968) ತೆಗೆದುಕೊಳ್ಳಿ. ಗೆಡ್ ಎಂಬ ಹುಡುಗ ಜಂಬಕ್ಕೆ ಬಿದ್ದು ಸತ್ತವರನ್ನು ಕರೆಯುವ ಮಂತ್ರ ಹಾಕುತ್ತಾನೆ. ಆಗ ಲೋಕಗಳ ನಡುವೆ ಬಿರುಕು ತೆರೆದು, ಅದರಿಂದ ಕರಿನೆರಳೊಂದು ಹೊರಬಿದ್ದು ಅವನ ಮುಖ ಪರಚಿಹಾಕುತ್ತದೆ. ಬಿರುಕು ಮುಚ್ಚಲು ಹೋದ ವೃದ್ಧ ಗುರುವಿನ ಪ್ರಾಣವೇ ಹೋಗುತ್ತದೆ. (ಇದು ಮೊದಲರ್ಧದಲ್ಲೇ ಬರುತ್ತದೆ, ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ.) ಅಲ್ಲಿಂದ ಮುಂದೆ ಗೆಡ್ ಮಂತ್ರ ಹೇಳಲು ಬಾಯಿ ತೆರೆದಾಗಲೆಲ್ಲ ನಮಗೆ ಎದೆ ಢವಢವ. ಇನ್ನು ಕೆಲವು ಪುಸ್ತಕಗಳಿವೆ: ಮೂರನೇ ಅಧ್ಯಾಯದಲ್ಲಿ ದೀಪ ಹಚ್ಚಿ ಸುಸ್ತಾಗಿ ಬೀಳುವ ನಾಯಕ ಕೊನೆಗೆ ಬೆವರದೆ ಒಂದು ಸೈನ್ಯವನ್ನೇ ಸುಡುತ್ತಾನೆ. ಅಂಥಲ್ಲಿ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ, ವಿಮರ್ಶೆಯ ಅರ್ಧ ಕೆಲಸ ಮುಗಿಯಿತು. ಫ್ಯಾಂಟಸಿ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಇದನ್ನೇ ಸೂತ್ರ ಮಾಡಿ ಹೇಳಿದ್ದರು: ಮಂತ್ರದ ಕಟ್ಟಳೆ ಓದುಗನಿಗೆ ಎಷ್ಟು ತಿಳಿದಿದೆಯೋ ಅಷ್ಟರಮಟ್ಟಿಗೇ ಮಂತ್ರದಿಂದ ಕಥೆಯ ಕಷ್ಟ ಬಗೆಹರಿಸಿದರೆ ಮನಸ್ಸು ಒಪ್ಪುತ್ತದೆ.

ಕಥಾಸಾರ ನಾಲ್ಕೈದು ಸಾಲು ಸಾಕು. ಯಕ್ಷಗಾನಕ್ಕೆ ಹೋದವರಿಗೆ ಪ್ರಸಂಗದ ಕಥೆ ಮೊದಲೇ ಗೊತ್ತು, ಆದರೂ ಬೆಳಗಿನವರೆಗೆ ಕೂರುತ್ತಾರೆ. ಫ್ಯಾಂಟಸಿಯೂ ಒಂದಿಷ್ಟು ಹಾಗೇ, ಸ್ವಲ್ಪ ಹೇಳಿದರೂ ನಷ್ಟವಿಲ್ಲ. ಪತ್ತೇದಾರಿಯಲ್ಲಿ ಮಾತ್ರ ಬಾಯಿ ಬಿಗಿ ಹಿಡಿಯಿರಿ. 'ಕೊನೆಯ ತಿರುವು ಅದ್ಭುತ' ಅಂತ ಬರೆದರೂ ಓದುಗ ತಿರುವಿಗಾಗಿಯೇ ಕಾಯುತ್ತಾ ಕೂರುತ್ತಾನೆ.

ಸ್ಟಾರ್ ಕೊಡುವುದು ನಿಮ್ಮಿಷ್ಟ, ನಾನು ಕೊಡುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಎಲ್ಲಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಪುಸ್ತಕ ಪುಕ್ಕಟೆ ಬಂದಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿಬಿಡಿ. ಖರ್ಚಿನ ಚಿಂತೆಯಿದ್ದರೆ ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನ ಹಳೇ ಪುಸ್ತಕದವರಿದ್ದಾರೆ. ಚೌಕಾಸಿ ಮಾಡಿ, ಆದರೆ ಸರಣಿಯ ಒಂದನೇ ಭಾಗ ಕೈಗೆ ಸಿಗದೆ ಮೂರನೆಯದನ್ನು ಕೊಳ್ಳಬೇಡಿ, ಎಷ್ಟೇ ಅಗ್ಗವಿರಲಿ.

ಯಾರಾದರೂ ಓದುತ್ತಾರಾ? ಕಡಿಮೆ. ಇಂಗ್ಲಿಷಿನ ಹೆಸರುವಾಸಿ ಫ್ಯಾಂಟಸಿಗಳಿಗೆ ಸಾವಿರಗಟ್ಟಲೆ ವಿಮರ್ಶೆಗಳಿವೆ, ಅದರಲ್ಲಿ ನಿಮ್ಮದು ಯಾರಿಗೂ ಕಾಣಿಸಲಿಕ್ಕಿಲ್ಲ. ಆದರೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಮುಗಿಬಿದ್ದು ಓದಿದ ಒಂದು ತಲೆಮಾರೇ ನಮ್ಮಲ್ಲಿದೆ. ಅವುಗಳಲ್ಲಿ ಸುಳಿವು ಹೇಗೆ ಹೆಣೆದಿದ್ದಾರೆ, ಎಲ್ಲಿ ಎಡವಿದ್ದಾರೆ ಅಂತ ಕೂತು ಬರೆದದ್ದು ನನ್ನ ಕಣ್ಣಿಗೆ ಬಿದ್ದದ್ದು ತೀರಾ ಕಡಿಮೆ. ಊರಿಗೆ ಹೋದಾಗ ಅಟ್ಟದ ಟ್ರಂಕು ತೆರೆದು ನೋಡಿ, ಒಂದೆರಡು ಸಿಕ್ಕರೆ ಅಲ್ಲಿಂದಲೇ ಶುರುಮಾಡಿ. ಬರೆದಾದ ಮೇಲೆ ನನಗೂ ಕಳಿಸಿ, ಓದುತ್ತೇನೆ.