ಅಂಗಳ ಕೇಳಿ ಗಾಡಿ ನಿಲ್ಲಿಸಿ

ಪ್ರಶ್ನೆ: ನಮ್ಮ ಟೆಂಪೋ ಟ್ರಾವೆಲರನ್ನು ಮನೆಯ ಹಾಗೆ ಮಾಡಿಸಿಕೊಂಡಿದ್ದೇವೆ. ಮಂಚ, ಗ್ಯಾಸ್ ಒಲೆ, ಪುಟ್ಟ ಶೌಚಾಲಯ ಎಲ್ಲ ಒಳಗೇ ಇದೆ. ಜನವರಿಯಲ್ಲಿ ಸಾಗರದ ಕಡೆ ಬರುವ ಆಸೆ. ಹಳ್ಳಿಗಳಲ್ಲಿ ರಾತ್ರಿ ಎಲ್ಲಿ ನಿಲ್ಲಿಸಬಹುದು? ಸಿಗಂದೂರಿಗೆ ಹೋಗಲು ಗಾಡಿಯನ್ನು ಲಾಂಚಿಗೆ ಹತ್ತಿಸಿಕೊಳ್ಳುತ್ತಾರಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಬನ್ನಿ. ಆದರೆ ಜನವರಿ ಅಂದಿರಲ್ಲ, ಅದೇ ಫಜೀತಿ. ಆಗ ನಮ್ಮಲ್ಲಿ ಅಡಿಕೆ ಕೊಯ್ಲು. ಹೆಗ್ಗೋಡಿನ ಹತ್ತಿರದ ನಮ್ಮ ಮನೆಯನ್ನೇ ತಗೊಳ್ಳಿ. ಅಂಗಳದ ತುಂಬ ಚಪ್ಪರ, ಅದರ ಮೇಲೆ ಬೇಯಿಸಿದ ಅಡಿಕೆ, ಜಗಲಿಯಲ್ಲಿ ಸುಲಿಯುವವರು. ಸೈಕಲ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಮಾರ್ಚ್‌ನಲ್ಲಿ ಬಂದರೆ ಮನೆಯವರಿಗೆ ಮಾತಾಡಲು ಪುರುಸೊತ್ತಾದರೂ ಇರುತ್ತದೆ. ಮಳೆಗಾಲವಂತೂ ಬೇಡ. ಕೆಸರಲ್ಲಿ ಹೂತ ಗಾಡಿ ಎಳೆಯಲು ಟ್ರ್ಯಾಕ್ಟರ್ ಹುಡುಕಬೇಕಾಗುತ್ತದೆ.

ಬೆಳಕಿದ್ದಾಗಲೇ ಊರಿಗೆ ಬಂದು, ಕೇಳಿ ನಿಲ್ಲಿಸಿ. ಕತ್ತಲಾದ ಮೇಲೆ ದಣಪೆ (ಬೇಲಿಯ ಬಾಗಿಲು) ಹತ್ತಿರ ದೊಡ್ಡ ಗಾಡಿ ಬಂದು ನಿಂತರೆ ಯಾರಿಗಾದರೂ ಗಾಬರಿ, ಅಲ್ವಾ? ಮೊದಲು ಒಬ್ಬರು ಇಳಿದು, ಕರೆಂಟ್ ತಂತಿ ಎಷ್ಟು ಜೋತಿದೆ, ತಿರುಗಿಸಲು ಜಾಗ ಇದೆಯಾ ನೋಡಿಕೊಳ್ಳಿ. ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನಬೆಟ್ಟ, ಖಾಲಿ ಕಂಡಿತೆಂದು ಅಲ್ಲಿ ಬಿಡಾರ ಹೂಡಬೇಡಿ. ಬೇಸಿಗೆಯಲ್ಲಿ ದರಕಿಗೆ, ಅಂದರೆ ಉದುರಿದ ಒಣ ಎಲೆಗೆ, ಒಂದು ಕಿಡಿ ಸಾಕು. ರಕ್ತ ಹೀರುವ ಉಣುಗಿನ (ಉಣ್ಣೆ) ಕಾಟ ಬೇರೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಅದನ್ನು ಹರಡುವುದು ಉಣುಗು, ಬೇಸಿಗೆಯಲ್ಲೇ ಜಾಸ್ತಿ. ಕಾಡಿನಂಚಿಗೆ ಹೋಗುವುದಿದ್ದರೆ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೇಳಿ ಹಚ್ಚಿಕೊಳ್ಳಿ.

ಇನ್ನು ಆ ಪುಟ್ಟ ಶೌಚಾಲಯ. ಹಿಂದೊಮ್ಮೆ ನಮ್ಮಲ್ಲಿ ತಂಗಿದವರು ಅದರ ಟ್ಯಾಂಕನ್ನು ಬೆಳಗಾಗುವ ಮೊದಲೇ ಹಳ್ಳಕ್ಕೆ ಖಾಲಿ ಮಾಡಿ ಹೊರಟುಬಿಟ್ಟರು. ಕೆಳಗಿನ ಮನೆಯವರ ದನಗಳು ಕುಡಿಯುವುದು ಅದೇ ನೀರು, ತೋಟಕ್ಕೆ ಹೋಗುವುದೂ ಅದೇ. ಬೈಸಿಕೊಂಡವಳು ನಾನು! ಪಾತ್ರೆ ತೊಳೆದ ನೀರನ್ನು ಬಾಳೆಬುಡಕ್ಕೆ ಹಾಕಿ, ಯಾರೂ ಏನೂ ಅನ್ನುವುದಿಲ್ಲ. ಟ್ಯಾಂಕನ್ನು ಮಾತ್ರ ನಿಮ್ಮೂರಿಗೇ ವಾಪಸ್ ಒಯ್ಯಿರಿ. ಮನೆಯವರು ಕರೆಂಟ್ ಕೊಟ್ಟರೆ ಫೋನಿಗೆ, ದೀಪಕ್ಕೆ ಬಳಸಿ. ಏಸಿ ಹಾಕಬೇಡಿ.

ಸುತ್ತಾಡಲು ಗಾಡಿ ತೆಗೆಯುವುದೇ ಬೇಡ, ಬಸ್ಸು ಹಿಡಿಯಿರಿ. ಸಾಗರಕ್ಕೆ ಹೋದರೆ ಇಕ್ಕೇರಿ, ಕೆಳದಿ ಎರಡೂ ಹತ್ತಿರ. ಕೆಳದಿ ನಾಯಕರಿಗೆ ಮೊದಲು ಕೆಳದಿ, ಆಮೇಲೆ ಇಕ್ಕೇರಿ ರಾಜಧಾನಿಯಾಗಿತ್ತು. ನನ್ನ ಕೇಳಿದರೆ ಇಕ್ಕೇರಿಯ ಅಘೋರೇಶ್ವರನ ಗುಡಿಗೆ ಅರ್ಧ ದಿನ ಇಟ್ಟುಕೊಳ್ಳಿ. ನಾಟಕ ಇಷ್ಟವಿದ್ದರೆ ಹೆಗ್ಗೋಡಿನ ನೀನಾಸಂ ಇದೆ, 1949ರಿಂದಲೂ. ಮಾರ್ಚ್‌ನಲ್ಲಿ ಜೋಗಕ್ಕೆ ಹೋಗಿ ಬೇಜಾರು ಮಾಡಿಕೊಳ್ಳಬೇಡಿ, ಆಗ ಬಂಡೆಯೇ ಜಾಸ್ತಿ ಕಾಣೋದು.

ಸಿಗಂದೂರಿಗೆ ಲಾಂಚಿನ ಚಿಂತೆ ಬಿಡಿ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಗಿದೆ, 2 ಕಿ.ಮೀ.ಗೂ ಉದ್ದ. ಫೋಟೋಕ್ಕೆಂದು ನಡುವೆ ಗಾಡಿ ನಿಲ್ಲಿಸಬೇಡಿ, ಹಿಂದೆ ಬಸ್ಸು ಬರುತ್ತಿರುತ್ತವೆ.