ಓದುಗರ ಪ್ರಶ್ನೆ: ಒಂದೇ ಹಿಟ್ ಬಿಟ್ಟುಕೊಟ್ಟ ಪಿಚರ್ ಸೋತದ್ದು ಹೇಗೆ?

ಪ್ರಶ್ನೆ: 1959ರ ಮೇ 26ರಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಮತ್ತು ಮಿಲ್ವಾಕೀ ಬ್ರೇವ್ಸ್ ತಂಡಗಳ ನಡುವೆ ನಡೆದ ಬೇಸ್‌ಬಾಲ್ ಪಂದ್ಯದ ಬಾಕ್ಸ್ ಸ್ಕೋರ್ (ಅಂಕಿಅಂಶಗಳ ಪಟ್ಟಿ) ನೋಡಿದೆ. ಪೈರೇಟ್ಸ್ 12 ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ತಲುಪುವುದು) ಗಳಿಸಿಯೂ ರನ್ ಸೊನ್ನೆ. ಬ್ರೇವ್ಸ್ ಒಂದೇ ಹಿಟ್‌ನಿಂದ 1–0ರಲ್ಲಿ ಗೆದ್ದಿದೆ. ಪೈರೇಟ್ಸ್‌ನ ಪಿಚರ್ (ಚೆಂಡು ಎಸೆಯುವವರು) ಹಾರ್ವೆ ಹ್ಯಾಡಿಕ್ಸ್ ಹೆಸರಿನ ಮುಂದೆ 12.2 ಇನ್ನಿಂಗ್ಸ್, ರನ್ 1, ಅರ್ನ್ಡ್ ರನ್ 0 ಎಂದಿದೆ. ಕ್ರಿಕೆಟ್ ಮಾತ್ರ ಬಲ್ಲವರು ಇದನ್ನು ಓದುವುದು ಹೇಗೆ?

ಉತ್ತರ: ಬಾಕ್ಸ್ ಸ್ಕೋರ್ ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಂದ್ಯ ಸಿಗಲಾರದು. ಮೊದಲು 12.2ನ್ನು ನೋಡೋಣ. ಅದು ದಶಮಾಂಶವಲ್ಲ, ಕ್ರಿಕೆಟ್‌ನಲ್ಲಿ 12.4 ಓವರ್ ಎಂದರೆ 12 ಓವರ್ ಮತ್ತು 4 ಎಸೆತ ಎಂದಾಗುವಂತೆ, ಇಲ್ಲಿ 12 ಪೂರ್ಣ ಇನ್ನಿಂಗ್ಸ್ ಮತ್ತು ಹದಿಮೂರನೆಯದರಲ್ಲಿ 2 ಔಟ್ ಎಂದರ್ಥ. ಒಂದು ಇನ್ನಿಂಗ್ಸ್‌ಗೆ 3 ಔಟ್. ಆದ್ದರಿಂದ ಹ್ಯಾಡಿಕ್ಸ್ ಎಸೆಯುತ್ತಿದ್ದಾಗ ಆದ ಔಟ್‌ಗಳು ಒಟ್ಟು 38.

ಅವುಗಳಲ್ಲಿ ಮೊದಲ 36 ಒಂದರ ಹಿಂದೊಂದು ಬಂದವು, ಎಂದರೆ 12 ಇನ್ನಿಂಗ್ಸ್ ಮುಗಿಯುವವರೆಗೆ ಬ್ರೇವ್ಸ್‌ನ ಒಬ್ಬ ಆಟಗಾರನೂ ಮೊದಲ ಬೇಸ್ ಮುಟ್ಟಲಿಲ್ಲ (ನಾಲ್ಕು ಬೇಸ್‌ಗಳನ್ನೂ ಸುತ್ತಿದರೆ ಒಂದು ರನ್). ಹದಿಮೂರನೆಯದರಲ್ಲಿ ಫೆಲಿಕ್ಸ್ ಮಾಂಟಿಲ್ಲಾ ಹೊಡೆದ ಚೆಂಡನ್ನು ಹಿಡಿದ ಪೈರೇಟ್ಸ್ ಫೀಲ್ಡರ್ ಡಾನ್ ಹೋಕ್ ಅದನ್ನು ತಪ್ಪಾಗಿ ಎಸೆದು ಎರರ್ ಮಾಡಿದ್ದರಿಂದ ಮಾಂಟಿಲ್ಲಾ ಮೊದಲ ಬೇಸ್ ತಲುಪಿದರು. ಎಡ್ಡಿ ಮ್ಯಾಥ್ಯೂಸ್ ತಾವು ಔಟಾಗಿ ಮಾಂಟಿಲ್ಲಾರನ್ನು ಎರಡನೇ ಬೇಸ್‌ಗೆ ದಾಟಿಸಿದರು. ಹ್ಯಾಂಕ್ ಆರನ್‌ಗೆ ಉದ್ದೇಶಪೂರ್ವಕವಾಗಿ ವಾಕ್ (ಹೊಡೆಯದೆಯೇ ಮೊದಲ ಬೇಸ್‌ಗೆ ಹೋಗುವ ಅವಕಾಶ) ಕೊಡಲಾಯಿತು. ಆಮೇಲೆ ಜೋ ಆಡ್ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದರು. ಅದು ಹೋಂ ರನ್, ಎಂದರೆ ಬೇಸ್ ಮೇಲಿದ್ದ ಇಬ್ಬರೂ ಹೊಡೆದವರೂ ಸೇರಿ ಮೂರು ರನ್, ಆಗಬೇಕಿತ್ತು. ಆದರೆ ಪಂದ್ಯ ಮುಗಿದೇ ಹೋಯಿತೆಂದು ಆರನ್ ಬೇಸ್‌ಗಳ ದಾರಿ ಬಿಟ್ಟು ಹೊರನಡೆದರು, ಹಿಂದಿನಿಂದ ಓಡಿಬಂದ ಆಡ್ಕಾಕ್, ಆರನ್‌ರನ್ನು ದಾಟಿ ಮುಂದೆ ಹೋದದ್ದರಿಂದ, ತಾವೇ ಔಟಾದರು. ಕೊನೆಗೆ ಅದು ಡಬಲ್ (ಎರಡು ಬೇಸ್‌ಗಳ ಹಿಟ್) ಎಂದು ದಾಖಲಾಯಿತು, ಮಾಂಟಿಲ್ಲಾ ಗಳಿಸಿದ ಒಂದೇ ರನ್ ಉಳಿಯಿತು.

ಆ ರನ್ ಪಿಚರ್‌ನ ಲೆಕ್ಕದಲ್ಲಿದ್ದರೂ ಅರ್ನ್ಡ್ ರನ್ (ಪಿಚರ್‌ನೇ ಹೊಣೆಯಾಗುವ ರನ್) ಅಲ್ಲ, ಏಕೆಂದರೆ ಮಾಂಟಿಲ್ಲಾ ಬೇಸ್ ತಲುಪಿದ್ದು ಫೀಲ್ಡರ್‌ನ ತಪ್ಪಿನಿಂದ. ಇದನ್ನು ತೀರ್ಮಾನಿಸುವವರು ಪಂದ್ಯದ ಅಧಿಕೃತ ಸ್ಕೋರರ್. ಸೋಲಿಗೆ ಯಾರು ಎಷ್ಟು ಹೊಣೆ ಎಂಬುದನ್ನು ಇಷ್ಟು ನ್ಯಾಯವಾಗಿ ಬೇರ್ಪಡಿಸುವ ಕಾಲಂ ಇನ್ನೊಂದು ಆಟದ ದಾಖಲೆಯಲ್ಲಿ ನನಗೆ ಕಂಡಿಲ್ಲ.

ಈ ಪಟ್ಟಿಗೆ ತಾಳೆ ನೋಡುವ ಕ್ರಮವೂ ಇದೆ. ಬ್ಯಾಟ್ ಹಿಡಿದು ಬಂದ ಪ್ರತಿಯೊಬ್ಬನೂ ರನ್ ಗಳಿಸಿರಬೇಕು, ಔಟಾಗಿರಬೇಕು, ಇಲ್ಲವೇ ಬೇಸ್ ಮೇಲೆ ಉಳಿದಿರಬೇಕು. ಬ್ರೇವ್ಸ್‌ನ ಸರದಿಗಳು 40. ಔಟ್ 38, ರನ್ 1, ಉಳಿದವರು 1. ಲೆಕ್ಕ ಕೂಡದಿದ್ದರೆ ಎಲ್ಲೋ ತಪ್ಪು ನುಸುಳಿದೆ ಎಂದೇ ಅರ್ಥ.

ಆದರೂ ಈ ಮೊತ್ತಗಳಷ್ಟರಿಂದಲೇ ಹಿಟ್, ವಾಕ್, ಎರರ್ ಮೂರೂ ಕೊನೆಯ ಇನ್ನಿಂಗ್ಸ್‌ನಲ್ಲಿ ಒಟ್ಟಿಗೆ ಬಂದವೆಂದು ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಸರದಿಯ ವಿವರವಿರುವ ಸ್ಕೋರ್ ಪುಸ್ತಕವನ್ನೇ ನೋಡಬೇಕು. ಪೈರೇಟ್ಸ್‌ನ 12 ಹಿಟ್‌ಗಳೂ ಹಾಗೆಯೇ: ಬ್ರೇವ್ಸ್‌ನ ಪಿಚರ್ ಲೂ ಬರ್ಡೆಟ್ 13 ಇನ್ನಿಂಗ್ಸ್‌ಗಳಲ್ಲಿ ಒಂದೂ ವಾಕ್ ಕೊಡದೆ ಎಸೆದದ್ದರಿಂದ ಅವು ಚದುರಿಹೋಗಿ ರನ್ ಆಗಲಿಲ್ಲ.

ಪ್ರಶ್ನೆ: ಈ ಪಟ್ಟಿಯನ್ನು ರೂಪಿಸಿದವರು ಯಾರು?

ಉತ್ತರ: ಇಂದಿನ ರೂಪದ ಬಹುಪಾಲು ಶ್ರೇಯಸ್ಸು 1824ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಹುಟ್ಟಿ, ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್‌ಗೆ ಸಲ್ಲುತ್ತದೆ, ಕ್ರಿಕೆಟ್ ಸ್ಕೋರ್ ಪಟ್ಟಿಯ ಪರಿಚಯವೇ ಅವರಿಗೆ ನೆರವಾಯಿತು. ನಿಯಮಗಳು ಮಾತ್ರ ಬದಲಾಗುತ್ತಲೇ ಬಂದಿವೆ. 1887ರ ಋತುವಿನಲ್ಲಿ ವಾಕ್ ಅನ್ನೂ ಹಿಟ್ ಎಂದೇ ಎಣಿಸಿದ್ದರಿಂದ ಬ್ಯಾಟಿಂಗ್ ಸರಾಸರಿಗಳು ವಿಪರೀತ ಏರಿದವು, ಮರುವರ್ಷವೇ ಆ ಪದ್ಧತಿಯನ್ನು ಕೈಬಿಟ್ಟರು. 1991ರಲ್ಲಿ ಮೇಜರ್ ಲೀಗ್ ಸಮಿತಿಯು ಪಂದ್ಯ ಮುಗಿಯುವವರೆಗೂ ಹಿಟ್ ಕೊಡದಿದ್ದರೆ ಮಾತ್ರ ನೋ-ಹಿಟರ್ ಎಂದು ನಿರ್ಧರಿಸಿದಾಗ ಹ್ಯಾಡಿಕ್ಸ್ ಅವರ ಆ 12 ಇನ್ನಿಂಗ್ಸ್‌ಗಳು ಪರ್ಫೆಕ್ಟ್ ಗೇಮ್‌ಗಳ (ಎದುರಾಳಿಯ ಒಬ್ಬನೂ ಬೇಸ್ ತಲುಪದ ಪಂದ್ಯಗಳ) ಅಧಿಕೃತ ಪಟ್ಟಿಯಿಂದ ಹೊರಬಿದ್ದವು. ನಿಯಮದ ದೃಷ್ಟಿಯಿಂದ ಅದು ಸರಿಯಿರಬಹುದು. 36 ಮಂದಿಯನ್ನು ಸಾಲಾಗಿ ಔಟ್ ಮಾಡಿದ ಪಿಚರ್‌ಗೆ ಅದರಿಂದ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ.